ಸ್ಟೆಬಿಲಿಟಿ ಶೂ ಹಾಕಿದ ಮೇಲೆಯೇ ನೋವು ಶುರುವಾಗಿದೆ, ಪರಿಹಾರ ತಿಳಿಸಿ

ನಿಧಾನಓಟ: ನನ್ನದು ಪಾದ ಅತಿಯಾಗಿ ಒಳಕ್ಕೆ ವಾಲುವ ಓವರ್‌ಪ್ರೊನೇಷನ್. ಟ್ರೆಡ್‌ಮಿಲ್ ಮೇಲೆ ಬರಿಗಾಲಲ್ಲಿ ಓಡಿಸಿ, ಹಿಮ್ಮಡಿ ಒಳಕ್ಕೆ ವಾಲುವುದನ್ನು ವಿಡಿಯೊದಲ್ಲಿ ತೋರಿಸಿದರು. ಸರಿ ಎಂದು ಆ ವಾಲುವಿಕೆಯನ್ನು ತಡೆಯುವ ಸ್ಟೆಬಿಲಿಟಿ ಶೂ ಕೊಂಡೆ. ಈಗ ಸ್ವಲ್ಪ ದೂರ ಓಡುವಷ್ಟರಲ್ಲಿ ಅಂಗಾಲಿನ ಕಮಾನಿನಲ್ಲಿ ಬೊಬ್ಬೆ, ಹಿಮ್ಮಡಿ ಜಾರುತ್ತದೆ, ಮೊಣಕಾಲಿನ ಹೊರಬದಿ ನೋಯುತ್ತದೆ. ಹಳೆಯ ಸಾದಾ ಶೂನಲ್ಲಿ ಇದೊಂದೂ ಇರಲಿಲ್ಲ. ಸೈಜ್ ಸರಿಯಾಗಿದೆ, ಅದನ್ನು ಮಾತ್ರ ಕೇಳಬೇಡಿ.

ಕಯಾನೊಪ್ರಿಯ: ಯಾವ ಮಾಡೆಲ್? ಮೀಡಿಯಲ್ ಪೋಸ್ಟ್ ಇದೆಯೋ ಇಲ್ಲವೋ? ಅಟ್ಟೆಯ ಒಳಬದಿಯಲ್ಲಿ ಆ ಗಟ್ಟಿ ಫೋಮ್ ಇಲ್ಲದ್ದನ್ನು ಸ್ಟೆಬಿಲಿಟಿ ಶೂ ಎಂದು ನಾನು ಒಪ್ಪುವುದೇ ಇಲ್ಲ. 1993ರಿಂದ ಬರುತ್ತಿರುವ ಏಸಿಕ್ಸ್ ಕಂಪನಿಯ ಕಯಾನೊ ಶೂ ಕೂಡ 30ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ನಿಮ್ಮದೂ ಅಂಥದ್ದೇ ಇರಬೇಕು. ಪೋಸ್ಟ್ ಇರುವುದನ್ನು ಹುಡುಕಿ.

ನಿಧಾನಓಟ: ಸ್ಟೆಬಿಲಿಟಿ ಎಂದು ಪೆಟ್ಟಿಗೆಯ ಮೇಲೆಯೇ ಇದೆ. ಮಾಡೆಲ್ ಯಾವುದಾದರೇನು?

ಒದ್ದೆಹೆಜ್ಜೆ: ಮೊದಲು ಪಾದ ಒದ್ದೆ ಮಾಡಿ ಕಾಗದದ ಮೇಲೆ ನಿಂತು ನೋಡಿ. ಅಚ್ಚು ಪೂರ್ತಿ ಮೂಡಿದರೆ ಓವರ್‌ಪ್ರೊನೇಷನ್ ಖಚಿತ.

ಮಂದಗತಿ: ಅದು ನಿಂತಾಗಿನ ಕಮಾನಿನ ಎತ್ತರ ಹೇಳುತ್ತದೆ, ಓಡುವಾಗಿನ ಚಲನೆಯನ್ನಲ್ಲ. ಅಲ್ಲದೆ ಪಾದ ಒಳಕ್ಕೆ ವಾಲುವುದೇ ರೋಗವೂ ಅಲ್ಲ. ಪಾದ ಆಘಾತ ತಡೆದುಕೊಳ್ಳುವ ಬಗೆಯೇ ಅದು. 2014ರಲ್ಲಿ 927 ಹೊಸ ಓಟಗಾರರಿಗೆ ಸಾದಾ ಶೂ ಕೊಟ್ಟು ನೋಡಿದರು. ವಾಲುವ ಪಾದದವರಿಗೆ ಹೆಚ್ಚು ಗಾಯವೇನೂ ಆಗಲಿಲ್ಲ.

ಕಯಾನೊಪ್ರಿಯ: ಅರ್ಧ ಹೇಳಿ ಬಿಟ್ಟರೆ ಹೇಗೆ ಸ್ವಾಮಿ? 2016ರಲ್ಲಿ 372 ಜನರ ಮೇಲೆ ನಡೆದ ಪ್ರಯೋಗದಲ್ಲಿ ಪಾದ ವಾಲುವುದನ್ನು ತಡೆಯುವ ಮೋಷನ್ ಕಂಟ್ರೋಲ್ ಶೂ ಹಾಕಿದವರಿಗೆ ಗಾಯ ಕಡಿಮೆಯಾಯಿತು, ಅದರಲ್ಲೂ ಪಾದ ವಾಲುವವರಿಗೆ. ಹಾಗಾಗಿ ಪೋಸ್ಟ್ ಬೇಕೇ ಬೇಕು.

ಮಂದಗತಿ: ಅವರಿಗೆ ನೋಯುತ್ತಿರುವುದು ಮೊಣಕಾಲಿನ ಹೊರಬದಿ. ಇನ್ನಷ್ಟು ಗಟ್ಟಿ ಪೋಸ್ಟ್ ಕೊಟ್ಟು ಪಾದವನ್ನು ಮತ್ತೂ ಹೊರಕ್ಕೆ ತಳ್ಳುತ್ತೀರಾ?

ನಾಲ್ಕುಜೋಡಿ: ನನ್ನ ಬಳಿ ನಾಲ್ಕು ಸ್ಟೆಬಿಲಿಟಿ ಶೂಗಳಿವೆ: ದಿನದ ಓಟಕ್ಕೆ ಅಡ್ರಿನಲಿನ್ ಜಿಟಿಎಸ್, ದೂರದ ಓಟಕ್ಕೆ ಅರಾಹಿ, ವೇಗಕ್ಕೆ ಗೈಡ್, ಮಳೆಯಲ್ಲಿ ಹಳೆಯ 860. ನನ್ನ ಅರಾಹಿಯಲ್ಲಿ ಹಿಮ್ಮಡಿಯನ್ನು ಸುತ್ತಿ ಒಳಬದಿಗೆ ಹೊರಳುವ ಗಟ್ಟಿ ಫೋಮಿನ ಜೆ-ಫ್ರೇಮ್ ಇದೆ, ಪೋಸ್ಟ್ ಎಂಬುದೇ ಇಲ್ಲ. ನನಗೆ ಒಂದು ಬೊಬ್ಬೆಯೂ ಬಂದಿಲ್ಲ. ಚಿತ್ರ ಹಾಕಲೇ?

ಒದ್ದೆಹೆಜ್ಜೆ: ಬೇಡ.

ಹಿಮ್ಮಡಿ: ಪೋಸ್ಟಿನ ಜಗಳ ಪಕ್ಕಕ್ಕಿರಲಿ. ಕಮಾನಿನಲ್ಲಿ ಬೊಬ್ಬೆ ಎಂದರೆ ಅಲ್ಲಿ ಏನೋ ಉಬ್ಬಿ ಉಜ್ಜುತ್ತಿದೆ. ಹಿಮ್ಮಡಿ ಜಾರುತ್ತದೆ ಎಂದರೆ ಅದು ಶೂ ಒಳಗೆ ಮೇಲೆದ್ದು ಕೂತಿದೆ. ಒಳಗೆ ಬೇರೆ ಇನ್‌ಸೋಲ್ ಏನಾದರೂ ಹಾಕಿದ್ದೀರಾ?

ನಿಧಾನಓಟ: ಹಾಕದೆ ಇರುತ್ತಾರೆಯೇ? ಫಿಸಿಯೊ ಕೊಟ್ಟ ಕಮಾನಿನ ಇನ್‌ಸೋಲ್ ಇದೆ. ಎಲ್ಲ ಶೂಗಳಲ್ಲೂ ಅದೇ. ಶೂ ಜೊತೆ ಬಂದಿದ್ದರ ಮೇಲೆಯೇ ಇಟ್ಟಿದ್ದೇನೆ, ಮೆತ್ತಗಿರುತ್ತದೆ.

ಹಿಮ್ಮಡಿ: ಸಿಕ್ಕಿತು. ಸಾದಾ ಶೂನಲ್ಲಿ ಆ ಇನ್‌ಸೋಲ್ ಒಂದೇ ಆಧಾರ ಕೊಡುತ್ತಿತ್ತು. ಈಗ ಶೂ ಒಂದು ಕಡೆಯಿಂದ ಎತ್ತುತ್ತದೆ, ಇನ್‌ಸೋಲ್ ಮತ್ತೊಂದು ಕಡೆಯಿಂದ. ಎರಡು ಪದರ ಸೇರಿ ಹಿಮ್ಮಡಿಯ ಹಿಡಿತವೂ ತಪ್ಪಿದೆ. ವಿಡಿಯೊ ಬರಿಗಾಲಿನದು ಬೇರೆ, ಇನ್‌ಸೋಲ್ ಹಾಕಿದಾಗ ಪಾದ ಹೇಗೆ ಬೀಳುತ್ತದೆಂದು ಅದು ಹೇಳುವುದಿಲ್ಲ. ಹೊಸ ಶೂನಲ್ಲಿ ಕಂಪನಿಯದ್ದನ್ನು ಮಾತ್ರ ಇಟ್ಟು ಸಣ್ಣ ಓಟ ಓಡಿ. ಇನ್‌ಸೋಲ್ ಬೇಕೇ ಬೇಕೆಂದರೆ ಸಾದಾ ಶೂಗೆ ಮರಳಿ, ಅಲ್ಲಿಯೂ ಮೂಲದ್ದನ್ನು ತೆಗೆದು ಹಾಕಿ. ಯಾವುದನ್ನು ಕಾಯಂ ಬಿಡಬೇಕೆಂದು ಫಿಸಿಯೊ ಹೇಳಲಿ.

ಕಯಾನೊಪ್ರಿಯ: ಪೋಸ್ಟ್ ಸರಿಯಾಗಿದ್ದರೆ ಇನ್‌ಸೋಲ್ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಿಧಾನಓಟ: ತೆಗೆದು ಓಡಿದೆ. ಹಿಮ್ಮಡಿ ಜಾರುವುದು ನಿಂತಿತು, ಕಮಾನು ಉರಿಯಲಿಲ್ಲ. ಮೊಣಕಾಲು ಇನ್ನೂ ಗೊಣಗುತ್ತಿದೆ, ಫಿಸಿಯೊ ಹತ್ತಿರ ಹೋಗುತ್ತೇನೆ. ಆದರೂ ಇದನ್ನು ಪೆಟ್ಟಿಗೆಯ ಮೇಲೆ ಬರೆದಿರಬೇಕಿತ್ತು.

ನಾಲ್ಕುಜೋಡಿ: ಇನ್‌ಸೋಲ್ ಮಾತು ಬಂತಲ್ಲ, ನಾನು ಐದನೆಯ ಜೋಡಿಗೆ ಕಾರ್ಬನ್ ಪ್ಲೇಟ್ ಇರುವುದನ್ನು ನೋಡುತ್ತಿದ್ದೇನೆ. ಅದರೊಳಗೆ ಕಮಾನಿನ ಇನ್‌ಸೋಲ್ ಹಿಡಿಸುತ್ತದೆಯೇ? ಬಲ್ಲವರು ತಿಳಿಸಿ.