ಫ್ರಂಟ್ ಪೋರ್ಚ್, ಬ್ಯಾಕ್ ಪೋರ್ಚ್: ಜಗಲಿಯೋ, ಅಂಚೋ, ಬಿಡುವೋ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಫ್ರಂಟ್ ಪೋರ್ಚ್ ಮತ್ತು ಬ್ಯಾಕ್ ಪೋರ್ಚ್. ಮನೆ ಕಟ್ಟುವ ವಿಷಯ ಅಲ್ಲ. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಮಾನಿಟರಿಗೆ ಕಂಪ್ಯೂಟರ್ ಜೋಡಿಸುವಾಗ ಈ ಪದಗಳು ಎದುರಾಗುತ್ತವೆ. ಆ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಳಿಯನಿಗಾಗಿ, ಅಂದರೆ ಅಕ್ಕನ ಮಗನಿಗಾಗಿ, ಶುರು ಮಾಡಿದ್ದು, ಈಗ 12 ಪುಟ ಆಗಿದೆ. ಉಳಿದ ಪದಗಳಿಗೆ ಹೇಗೋ ದಾರಿ ಸಿಕ್ಕಿತು. ಇವೆರಡರ ಹತ್ತಿರ ಬಂದು ನಿಂತಿದ್ದೇನೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ವಸ್ತು ಏನು ಅಂತ ತಿಳಿಯದೆ ಪದ ಆರಿಸಲು ಆಗುವುದಿಲ್ಲ ಅಲ್ವಾ?

ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ವಿಡಿಯೋ ಗೇಮ್ ಅಂಗಡಿಯಿಂದ ಅಳಿಯ ಒಂದು ಪೆಟ್ಟಿಗೆ ತಂದ. ಒಳಗಿನ ಗೇಮ್ ಬೋರ್ಡ್ ಸತ್ತಿತ್ತು. ಆದರೆ 20 ಇಂಚಿನ ಪಿಕ್ಚರ್ ಟ್ಯೂಬ್ ಚೆನ್ನಾಗಿತ್ತು. ಬೋರ್ಡಿನ ಜಾಗದಲ್ಲಿ ಹಳೆಯ ಕಂಪ್ಯೂಟರ್ ಇಟ್ಟು, ಅದರಲ್ಲಿ ‘ಮುಸ್ತಫಾ’ ಆಡಬೇಕು ಅನ್ನುವುದು ಅವನ ಆಸೆ. ತೊಂಬತ್ತರ ದಶಕದಲ್ಲಿ ನಾಣ್ಯ ಹಾಕಿ ಆಡಿದವರಿಗೆ ಈ ಹೆಸರು ಸಾಕು. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟ ಅದು. ಭಾರತದಲ್ಲಿ ಯಾರೂ ಅದನ್ನು ಆ ಉದ್ದ ಹೆಸರಿನಿಂದ ಕರೆಯಲಿಲ್ಲ. ಹಳದಿ ಟೋಪಿಯ ಪಾತ್ರದ ಹೆಸರೇ ಆಟದ ಹೆಸರಾಯಿತು. ಆಡುವ ಮಕ್ಕಳೇ ತಮಗೆ ಬೇಕಾದ ಪದ ಆರಿಸಿಕೊಂಡರು. ಇದು ನನಗೆ ಬಹಳ ಇಷ್ಟದ ಸಂಗತಿ.

ಈಗ ತೊಂದರೆ ಎಲ್ಲಿದೆ ಅಂದರೆ, ಆ ಮಾನಿಟರ್ ಚಿತ್ರವನ್ನು ಸಾಲು ಸಾಲಾಗಿ, ಸೆಕೆಂಡಿಗೆ ಸುಮಾರು 15,700 ಸಾಲು ಬರೆಯುವುದಕ್ಕೆ ಮಾಡಿದ್ದು. ಕಂಪ್ಯೂಟರ್ ಕಳಿಸುವುದು ಅದರ ಎರಡು ಪಟ್ಟು. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 31,470 ಸಾಲು. ಇದನ್ನು ಹಾಗೇ ಹಳೆಯ ಮಾನಿಟರಿಗೆ ಕೊಟ್ಟರೆ ಚಿತ್ರ ಹರಿದು ಚೂರಾಗುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಸುಟ್ಟೂ ಹೋಗಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬರುವ ಮೊದಲ ಪರದೆ ಕೂಡ ಈ ದುಪ್ಪಟ್ಟು ವೇಗದ್ದೇ. ಅದಕ್ಕೇ ಕೈಪಿಡಿಯ ಮೊದಲ ಪುಟದಲ್ಲೇ ಬರೆದಿದ್ದೇನೆ: ಕಂಪ್ಯೂಟರ್ ಪೂರ್ತಿ ಎದ್ದು ನಿಂತ ಮೇಲೆಯೇ ಮಾನಿಟರ್ ಆನ್ ಮಾಡು.

ಮೇಲೆ ‘ಸಾಲು’ ಅಂತ ಬರೆದೆ, ಗಮನಿಸಿದ್ದೀರಾ? ಸ್ಕ್ಯಾನ್ ಲೈನ್ ಅನ್ನುವುದಕ್ಕೆ ಮೊದಲು ‘ಗೆರೆ’ ಅಂತ ಬರೆದಿದ್ದೆ. ನಮಗೆ ಸಹಾಯ ಮಾಡುತ್ತಿರುವ ಟಿವಿ ರಿಪೇರಿ ಅಂಗಡಿಯ ಹಿರಿಯರು ಅದನ್ನು ಒಪ್ಪಲಿಲ್ಲ. ‘ಗೆರೆ ಅಂದ್ರೆ ಕಂಪ್ಲೇಂಟು ಸರ್’ ಅಂದರು. ನಿಜ. ‘ಟಿವಿಯಲ್ಲಿ ಗೆರೆ ಬರ್ತಿದೆ’ ಅಂದರೆ ಟಿವಿ ಕೆಟ್ಟಿದೆ ಅಂತಲೇ ಅರ್ಥ. ಚಿತ್ರವೆಲ್ಲ ಮಡಚಿಕೊಂಡು ನಡುವೆ ಒಂದೇ ಬಿಳಿ ಪಟ್ಟಿ ನಿಂತರೆ ‘ಒಂದೇ ಗೆರೆ ನಿಂತಿದೆ’ ಅಂತಾರೆ. ಹಾಗಾಗಿ ಗೆರೆಯನ್ನು ದೋಷಕ್ಕೆ ಬಿಟ್ಟುಕೊಟ್ಟೆ. ಸಾಲು ಅನ್ನುವ ಪದದಲ್ಲಿ ಒಂದರ ಕೆಳಗೆ ಒಂದು ಬರುತ್ತದೆ ಅನ್ನುವ ಅರ್ಥ ತಾನಾಗಿಯೇ ಇದೆ.

ಸಾಲು ಒಪ್ಪಿದ ಮೇಲೆ ಇನ್ನೂ ಎರಡು ಪದ ಸುಲಭವಾಗಿ ಬಂದವು. ಹಾರಿಜಾಂಟಲ್ ಫ್ರೀಕ್ವೆನ್ಸಿ ಅಂದರೆ ‘ಸಾಲಿನ ವೇಗ’. ಶಾಲೆಯ ವಿಜ್ಞಾನದ ‘ಆವೃತ್ತಿ’ ಇಲ್ಲಿ ಬೇಡ ಅನ್ನಿಸಿತು. ಪುಸ್ತಕದ ಎರಡನೇ ಆವೃತ್ತಿ ಅಂತ ಓದಿ ಅಭ್ಯಾಸವಾದವರಿಗೆ ಅದು ತಡೆಯುತ್ತದೆ. ಸೆಕೆಂಡಿಗೆ ಎಷ್ಟು ಸಾಲು ಅಂದರೆ ಯಾರಿಗೂ ಅರ್ಥವಾಗುತ್ತದೆ. ಇನ್ನೊಂದು, ಇಂಟರ್‌ಲೇಸ್. ಮೊದಲು 1, 3, 5ನೇ ಸಾಲು ಬರೆದು, ಆಮೇಲೆ 2, 4, 6 ಬರೆಯುವ ಪದ್ಧತಿ. ಇಂಗ್ಲಿಷಿನ ಮಾತನ್ನು ಹಾಗೇ ತಂದು ‘ಹೆಣೆದ ಚಿತ್ರ’ ಅಂದರೆ ಏನೂ ಹೊಳೆಯುವುದಿಲ್ಲ. ನಮ್ಮಲ್ಲಿ ‘ದಿನ ಬಿಟ್ಟು ದಿನ’ ಅನ್ನುತ್ತೇವಲ್ಲ, ಹಾಗೇ ‘ಸಾಲು ಬಿಟ್ಟು ಸಾಲು’. ಇದನ್ನು ಬರೆದ ದಿನ ನನಗೆ ತುಂಬ ಖುಷಿಯಾಯಿತು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ.

ಟ್ಯೂಬಿನೊಳಗಿನ ಕಿರಣ ಎಡದಿಂದ ಬಲಕ್ಕೆ ಒಂದು ಸಾಲು ಬರೆಯುತ್ತದೆ. ಆಮೇಲೆ ಮತ್ತೆ ಎಡಕ್ಕೆ ಬರಬೇಕು. ವಾಪಸ್ ಬರುವಾಗ ಬೆಳಕು ಇರಬಾರದು. ಮೊದಲು ನನಗೆ ಉಳುಮೆ ನೆನಪಾಗಿತ್ತು. ಆದರೆ ಎತ್ತುಗಳು ಸಾಲಿನ ಕೊನೆಯಲ್ಲಿ ತಿರುಗಿ, ಬರುವಾಗಲೂ ಉಳುತ್ತಲೇ ಬರುತ್ತವೆ. ಇದು ಹಾಗಲ್ಲ. ಇದು ನಾವು ಬರೆಯುವ ಹಾಗೆ. ಸಾಲು ಮುಗಿದರೆ ಪೆನ್ನು ಎತ್ತಿ, ಎಡಕ್ಕೆ ತಂದು, ಮತ್ತೆ ಊರುತ್ತೇವೆ. ಆ ಪೆನ್ನು ಎತ್ತಿದ ಹೊತ್ತಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಂಕಿಂಗ್ ಅಂತಾರೆ. ಅದರ ನಡುವೆ ಕಂಪ್ಯೂಟರ್ ಒಂದು ಚಿಕ್ಕ ಸೂಚನೆ ಕಳಿಸುತ್ತದೆ, ‘ಹೊಸ ಸಾಲು’ ಅಂತ. ಅದು ಸಿಂಕ್. ಸಿಂಕ್ ಬರುವ ಮುಂಚಿನ ಖಾಲಿ ಹೊತ್ತು ಫ್ರಂಟ್ ಪೋರ್ಚ್. ಸಿಂಕ್ ಮುಗಿದ ಮೇಲಿನ ಖಾಲಿ ಹೊತ್ತು ಬ್ಯಾಕ್ ಪೋರ್ಚ್.

ಮುಸ್ತಫಾ ಆಟದ ಲೆಕ್ಕವನ್ನೇ ನೋಡಿ. ಕಂಪ್ಯೂಟರಿಗೆ ಕೊಡುವ ಅಂಕಿಗಳ ಸಾಲು ಹೀಗಿದೆ:

8.0   384 416 454 512   224 235 238 262

ಮೊದಲ 8 ಅಂದರೆ ಸೆಕೆಂಡಿಗೆ 80 ಲಕ್ಷ ಚುಕ್ಕಿ (ಪಿಕ್ಸೆಲ್). ಒಂದು ಸಾಲಿಗೆ ಒಟ್ಟು 512 ಚುಕ್ಕಿಯ ಹೊತ್ತು. ಭಾಗಿಸಿದರೆ ಸೆಕೆಂಡಿಗೆ 15,625 ಸಾಲು. (ದೂರದರ್ಶನದ ಹಳೆಯ 625 ಸಾಲಿನ, ಸೆಕೆಂಡಿಗೆ 25 ಚಿತ್ರದ ಪದ್ಧತಿಯಲ್ಲೂ ಸರಿಯಾಗಿ 15,625 ಸಾಲೇ! ಇದನ್ನು ಹೇಳಿದಾಗ ರಿಪೇರಿ ಅಂಗಡಿಯ ಹಿರಿಯರ ಮುಖ ಅರಳಿತು. ‘ಹಂಗಾದ್ರೆ ಇದು ನಮ್ ಟಿವಿನೇ ಬಿಡಿ’ ಅಂದರು.) ಆ 512ರಲ್ಲಿ ಕಣ್ಣಿಗೆ ಕಾಣುವ ಚುಕ್ಕಿ 384. ಅಲ್ಲಿಂದ 416ರವರೆಗೆ 32 ಚುಕ್ಕಿ ಫ್ರಂಟ್ ಪೋರ್ಚ್. 416ರಿಂದ 454ರವರೆಗೆ ಸಿಂಕ್. 454ರಿಂದ 512ರವರೆಗೆ 58 ಚುಕ್ಕಿ ಬ್ಯಾಕ್ ಪೋರ್ಚ್. ಕೊನೆಯ ನಾಲ್ಕು ಅಂಕಿ ಇದೇ ರೀತಿ ಮೇಲಿಂದ ಕೆಳಕ್ಕೆ. 384, 512, 224, 262 ಇವು ಆಟದ ಮೂಲ ಬೋರ್ಡಿನವೇ. ನಡುವಿನವು ನಮ್ಮ ಮಾನಿಟರಿಗೆ ನಾವು ಹೊಂದಿಸಿಕೊಂಡವು. ಬಹಳಷ್ಟು ಗ್ರಾಫಿಕ್ಸ್ ಕಾರ್ಡುಗಳು ಇಷ್ಟು ನಿಧಾನವಾಗಿ ಚುಕ್ಕಿ ಕಳಿಸುವುದಿಲ್ಲ. ಆಗ 8ನ್ನೂ ಅಗಲದ ನಾಲ್ಕು ಅಂಕಿಗಳನ್ನೂ ನಾಲ್ಕರಿಂದ ಗುಣಿಸಿದರೆ ಆಯಿತು, ಸಾಲಿನ ವೇಗ ಬದಲಾಗುವುದಿಲ್ಲ.

ಕೈಪಿಡಿಯ ಮೊದಲ ಕರಡಿನಲ್ಲಿ ಫ್ರಂಟ್ ಪೋರ್ಚ್ ‘ಜಗಲಿ’ ಆಗಿತ್ತು. ಬ್ಯಾಕ್ ಪೋರ್ಚ್ ‘ಹಿತ್ತಿಲು’. ಎಷ್ಟು ಚೆಂದ ಅಲ್ವಾ? ನಮ್ಮ ಅಜ್ಜಿಯ ಮನೆಗೆ ಎರಡೂ ಇದ್ದವು. ಬಿಡಲು ಮನಸ್ಸೇ ಬರಲಿಲ್ಲ. ಆದರೆ ಒಂದು ಸಂಜೆ ಅಳಿಯ ಫೋನ್ ಮಾಡಿದ. ‘ಮಾಮ, ಚಿತ್ರ ಎಡಕ್ಕೆ ಸರಿದುಬಿಟ್ಟಿದೆ, ಸ್ಕೋರು ಮರದ ಚೌಕಟ್ಟಿನ ಒಳಗೆ ಹೋಗಿದೆ’ ಅಂದ. ‘ಜಗಲಿಯಲ್ಲಿ 10 ಕಡಿಮೆ ಮಾಡು, ಆ 10 ಹಿತ್ತಿಲಿಗೆ ಸೇರಿಸು, ಬಲಕ್ಕೆ ಬರುತ್ತೆ’ ಅಂತ ಹೇಳಿದೆ. ಅಂದರೆ 416, 454 ಇದ್ದದ್ದು 406, 444 ಆಗಬೇಕಿತ್ತು. ಅವನು 426, 464 ಬರೆದ. ಚಿತ್ರ ಇನ್ನಷ್ಟು ಎಡಕ್ಕೆ ಹೋಯಿತು.

ಅವನದು ತಪ್ಪಲ್ಲ. ಜಗಲಿ ಅಂದರೆ ಮುಂದೆ ಇರುವುದು. ಚಿತ್ರದ ಮುಂದು ಅಂದರೆ ಅದು ಶುರುವಾಗುವ ಎಡಬದಿ ಅಂತ ಅವನು ತಿಳಿದ. ಯಾರಾದರೂ ಹಾಗೇ ತಿಳಿಯುತ್ತಾರೆ. ಆದರೆ ಇಲ್ಲಿ ಫ್ರಂಟ್ ಪೋರ್ಚ್ ಇರುವುದು ಚಿತ್ರದ ಬಲಕ್ಕೆ! ಯಾಕೆಂದರೆ ಅದು ಚಿತ್ರದ ಜಗಲಿ ಅಲ್ಲ, ಸಿಂಕಿನ ಜಗಲಿ. ಇಲ್ಲಿ ಮನೆ ಅಂದರೆ ಸಿಂಕ್. ಚಿತ್ರ ಬರೀ ಬೀದಿ. ಬೀದಿಯಲ್ಲಿ ಎಡದಿಂದ ಬಲಕ್ಕೆ ನಡೆದು ಬಂದರೆ ಮೊದಲು ಜಗಲಿ, ಆಮೇಲೆ ಮನೆ, ಹಿತ್ತಿಲಿನಿಂದ ಹೊರಬಿದ್ದರೆ ಮುಂದಿನ ಬೀದಿ. ಹೀಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಆದರೆ ಪ್ರತಿ ಸಲ ಬಿಡಿಸಿ ಹೇಳಬೇಕಾದ ಪದವನ್ನು ಕೈಪಿಡಿಯಲ್ಲಿ ಇಡುವುದು ಹೇಗೆ? ಮಾನಿಟರ್ ಮುಂದೆ ಕೂತವನ ಕಣ್ಣು ಇರುವುದು ಚಿತ್ರದ ಮೇಲೆ. ಸಿಂಕ್ ಅವನಿಗೆ ಕಾಣುವುದೇ ಇಲ್ಲ.

ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪರದೆಯ ಚಿತ್ರವನ್ನು ನೋಡಿಕೊಳ್ಳುವ ಫ್ರೇಮ್‌ಬಫರ್ ಅನ್ನುವ ಭಾಗದಲ್ಲಿ ಇದೇ ಎರಡು ಅಂಕಿಗಳಿಗೆ ಪೋರ್ಚ್ ಅನ್ನುವ ಹೆಸರೇ ಇಲ್ಲ. ಅಲ್ಲಿ ಬ್ಯಾಕ್ ಪೋರ್ಚ್ ಅಂದರೆ ಲೆಫ್ಟ್ ಮಾರ್ಜಿನ್, ಫ್ರಂಟ್ ಪೋರ್ಚ್ ಅಂದರೆ ರೈಟ್ ಮಾರ್ಜಿನ್. ಮೇಲೆ ಕೆಳಗೂ ಹಾಗೇ. ಅದನ್ನು ಬರೆದವರು ಚಿತ್ರ ನೋಡುವವನ ಕಡೆಯಿಂದ ಯೋಚಿಸಿದ್ದಾರೆ. ತಕ್ಷಣ ನಾನು ‘ಎಡ ಅಂಚು, ಬಲ ಅಂಚು, ಮೇಲಂಚು, ಕೆಳಂಚು’ ಅಂತ ತಿದ್ದಿದೆ. ಶಾಲೆಯ ನೋಟ್‌ಬುಕ್ಕಿನಲ್ಲಿ ಬಿಡುವ ಜಾಗದ ಹಾಗೆ. ಫೋನಿನಲ್ಲಿ ‘ಬಲ ಅಂಚಿನಿಂದ 10 ತೆಗೆದು ಎಡ ಅಂಚಿಗೆ ಹಾಕು’ ಅಂದೆ. ಒಂದೇ ಸಲಕ್ಕೆ ಸರಿಯಾಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಕ್ಕ ಕೈಪಿಡಿ ಓದಿ ಒಂದು ಮಾತು ಹೇಳಿದಳು. ‘ಅಂಚು ಅಂದ್ರೆ ಸೀರೆಯಲ್ಲಿ ಎಲ್ಲಕ್ಕಿಂತ ಎದ್ದು ಕಾಣೋದು. ನೀನು ಹೇಳ್ತಿರೋದು ಕಾಣದೇ ಇರೋದು’ ಅಂದಳು. ಇಳಕಲ್ ಸೀರೆ ನೆನಪಿಸಿಕೊಂಡರೆ ಅವಳ ಮಾತು ಸರಿಯೇ. ಅದೂ ಅಲ್ಲದೆ, ಚಿತ್ರದ ಅಂಚು ಅಂದರೆ ಚಿತ್ರದ್ದೇ ಕೊನೆಯ ಭಾಗ ಅಂತಲೂ ಆಗುತ್ತದೆ. ಕೈಪಿಡಿಯ ಇನ್ನೊಂದು ಕಡೆ ‘ಚಿತ್ರದ ಅಂಚು ಚೌಕಟ್ಟಿನ ಹಿಂದೆ ಮರೆಯಾದರೆ’ ಅಂತ ನಾನೇ ಬರೆದಿದ್ದೆ. ಎರಡು ಅಂಚು ಒಂದಕ್ಕೊಂದು ಬಡಿದುಕೊಳ್ಳುತ್ತಿವೆ.

ಅಕ್ಕ ಸಂಗೀತ ಹೇಳಿಕೊಡುತ್ತಾಳೆ. ಬ್ಯಾಕ್ ಪೋರ್ಚ್ ಏನು ಅಂತ ವಿವರಿಸಿದಾಗ ಅವಳು ಕೈಯಲ್ಲಿ ತಾಳ ಹಾಕಿ ತೋರಿಸಿದಳು. ಪೆಟ್ಟು ಬಿದ್ದ ತಕ್ಷಣ ಹಾಡಲಿಲ್ಲ. ಸ್ವಲ್ಪ ಬಿಟ್ಟು ಎತ್ತಿಕೊಂಡಳು. ‘ಇದು ಎಡುಪು ಅಲ್ವೇನೋ?’ ಅಂದಳು. ತಾಳದಲ್ಲಿ ಹಾಡು ಶುರುವಾಗುವ ಗಳಿಗೆಗೆ ಎಡುಪು ಅಂತಾರೆ. ನಾನು ಇಷ್ಟು ದಿನ ಜಾಗದ ಪದಗಳನ್ನೇ ಹುಡುಕುತ್ತಿದ್ದೆ: ಜಗಲಿ, ಹಿತ್ತಿಲು, ಅಂಚು. ಇದು ಜಾಗ ಅಲ್ಲ, ಹೊತ್ತು. ನಮ್ಮ 58 ಚುಕ್ಕಿ ಅಂದರೆ 7.25 ಮೈಕ್ರೋಸೆಕೆಂಡ್. ಅಷ್ಟು ಹೊತ್ತು ಕಿರಣ ಏನೂ ಬರೆಯದೆ ಸುಮ್ನೆ ಇರುತ್ತದೆ. ಕೆಲಸದ ನಡುವೆ ಸುಮ್ಮನಿರುವ ಹೊತ್ತಿಗೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಬಿಡುವು.

ಬ್ಲ್ಯಾಂಕಿಂಗ್ ಪೂರ್ತಿಗೆ ‘ಬಿಡುವು’ ಅಂದರೆ ಹೇಗೆ? ಒಂದು ಸಾಲಿನ 64 ಮೈಕ್ರೋಸೆಕೆಂಡಿನಲ್ಲಿ 48 ಬರವಣಿಗೆ, 16 ಬಿಡುವು. ಆ ಬಿಡುವಿನ ನಡುವೆ ಸಿಂಕ್. ಸಿಂಕಿನ ಹಿಂದೆ ಮುಂದೆ ಉಳಿದದ್ದು ‘ಬಲ ಬಿಡುವು’, ‘ಎಡ ಬಿಡುವು’. ಮುನ್‌ಬಿಡುವು, ಹಿನ್‌ಬಿಡುವು ಅಂತ ಮಾಡಬಹುದು, ಆದರೆ ಜಗಲಿಯ ಗೊಂದಲವೇ ಮತ್ತೆ ಬರುತ್ತದೆ. ನನ್ನನ್ನು ಕಾಡುತ್ತಿರುವುದು ಒಂದೇ: ಹೊತ್ತಿಗೆ ಎಡ, ಬಲ ಅನ್ನಬಹುದೇ? ‘ಮಧ್ಯಾಹ್ನದ ಬಿಡುವು’ ಅನ್ನುತ್ತೇವೆ. ‘ಎಡಗಡೆ ಬಿಡುವು’ ಅಂದರೆ ಓದುವವರಿಗೆ ಕಿರಿಕಿರಿ ಆಗುತ್ತದೆಯೇ? ನನಗೆ ಓದಿ ಓದಿ ರೂಢಿಯಾಗಿಬಿಟ್ಟಿದೆ. ಹೊಸ ಕಿವಿಗೆ ಹೇಗೆ ಕೇಳುತ್ತದೆ ಅಂತ ನೀವೇ ಹೇಳಬೇಕು.

ಸಿಂಕ್ ಅನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ರಿಪೇರಿ ಅಂಗಡಿಯಲ್ಲಿ ಆ ಪದ ಎಲ್ಲರ ಬಾಯಲ್ಲಿದೆ. ಸಿಂಕ್ ತಪ್ಪಿ ಚಿತ್ರ ಉರುಳಿದರೆ ‘ಹೋಲ್ಡ್ ಸಿಗ್ತಿಲ್ಲ’ ಅಂತಾರೆ, ಹಳೆಯ ಟಿವಿಯ ಹಿಂದಿದ್ದ ಹೋಲ್ಡ್ ತಿರುಪಿನ ನೆನಪಿನಲ್ಲಿ. ಅದನ್ನೂ ಕೈಪಿಡಿಗೆ ತೆಗೆದುಕೊಂಡಿದ್ದೇನೆ. ಬಳಕೆಯಲ್ಲಿರುವ ಪದವನ್ನು ಕಿತ್ತು ಹೊಸದು ನೆಡುವುದು ನನಗೆ ಇಷ್ಟವಿಲ್ಲ. ಪೋರ್ಚಿಗೆ ಅಂಥ ಬಳಕೆಯ ಪದ ಅವರ ಹತ್ತಿರ ಇರಲಿಲ್ಲ, ಕೇಳಿ ನೋಡಿದೆ. ಟಿವಿಯಲ್ಲಿ ಅದನ್ನು ಸ್ಟೇಷನ್ನೇ ಕಳಿಸುತ್ತಿತ್ತು. ರಿಪೇರಿ ಮಾಡುವವರು ಅದನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಬಲ ಬಿಡುವು, ಎಡ ಬಿಡುವು ಒಪ್ಪಿಗೆಯೇ? ಅಥವಾ ಅಂಚನ್ನೇ ಉಳಿಸಿಕೊಂಡು, ಚಿತ್ರದ ಕೊನೆಯ ಭಾಗಕ್ಕೆ ಬೇರೆ ಪದ ಹುಡುಕಲೇ? ಮಗ್ಗದ ಕೆಲಸ, ಅಚ್ಚುಮನೆಯ ಕೆಲಸ ಬಲ್ಲವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಲಾಳಿ ಒಂದು ಕೊನೆ ಮುಟ್ಟಿ ನಿಂತು, ಮತ್ತೆ ಹೊರಡುವ ಮುಂಚಿನ ಆ ಚೂರು ಹೊತ್ತಿಗೆ ನಿಮ್ಮ ಕಡೆ ಏನಂತಾರೆ? ಅಚ್ಚುಮೊಳೆ ಜೋಡಿಸುವಾಗ ಪುಟದ ಸುತ್ತ ಬಿಡುವ ಖಾಲಿ ಜಾಗಕ್ಕೆ? ಮಾತು ಎಷ್ಟೇ ಹಳ್ಳಿಯದಾಗಿರಲಿ, ಇಲ್ಲಿ ಬರೆಯಿರಿ. ಮುಂದಿನ ಭಾನುವಾರ ಅಳಿಯ ಕೈಪಿಡಿಯನ್ನು ಪ್ರಿಂಟ್ ತೆಗೆದು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸುತ್ತಾನಂತೆ. ಅಷ್ಟರೊಳಗೆ ತಿದ್ದಲು ಸಮಯ ಇದೆ.