ಪದಚರ್ಚೆ: ಸ್ಥಿರ ಆದಾಯವೋ, ಖಾತ್ರಿ ಆದಾಯವೋ, ತಪ್ಪದ ವರಮಾನವೋ?

ಬಲ್ಲವರಿಗೆ ನಮಸ್ಕಾರ.

ನಮ್ಮೂರಿನ ಸಹಕಾರ ಸಂಘದವರು ಮನೆ ಸಾಲದ ಕರಪತ್ರವೊಂದನ್ನು ಕನ್ನಡಕ್ಕೆ ಮಾಡಿಕೊಡಲು ಹೇಳಿದ್ದಾರೆ. ಇರುವುದು ಎರಡೇ ಪುಟ, ಒಂದು ಸಂಜೆಗೆ ಮುಗಿದೀತು ಎಂದುಕೊಂಡಿದ್ದೆ. ನಾಲ್ಕು ದಿನವಾದರೂ ‘ಅಶ್ಯೂರ್ಡ್ ಇನ್‌ಕಮ್’, ಅಂದರೆ ಬಂದೇ ಬರುತ್ತದೆ ಎಂದು ನೆಚ್ಚಬಹುದಾದ ಆದಾಯ, ಎಂಬಲ್ಲೇ ಗಾಡಿ ಹೂತುಕೊಂಡಿದೆ.

ಮೊದಲು ‘ಸ್ಥಿರ ಆದಾಯ’ ಎಂದು ಬರೆದೆ. ಅದೇ ಪುಟದಲ್ಲಿ ‘ಸ್ಥಿರಾಸ್ತಿ’ಯೂ ಇದೆ, ಅಲ್ಲಿ ಸ್ಥಿರವೆಂದರೆ ಕದಲದ ನೆಲ, ಕಟ್ಟಡ. ಓದಿದವರು ಬಾಡಿಗೆಯ ಹಣ ಎಂದುಕೊಂಡರೆ ತಪ್ಪು ನನ್ನದೇ. ‘ನಿಶ್ಚಿತ’ ಎಂದರೆ ನಿಶ್ಚಿತ ಠೇವಣಿಯ ನೆನಪು ಬರುತ್ತದೆ. ‘ಖಾತ್ರಿ’ ಎನ್ನೋಣವೆಂದರೆ, ಉದ್ಯೋಗ ಖಾತ್ರಿಯಲ್ಲಿ ಮಾತು ಕೊಡುವುದು ಸರ್ಕಾರ. ಸಾಲ ಕೇಳಲು ಬಂದವನ ಸಂಬಳಕ್ಕೆ ಮಾತು ಕೊಡುವವರು ಯಾರು?

ಈ ಪದ ಬ್ಯಾಂಕಿನವರ ಸ್ವತ್ತೇನೂ ಅಲ್ಲ. 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ ಕಲಮಿನ ಇಂಗ್ಲಿಷ್ ಪಾಠದಲ್ಲೂ ಇದೇ ಇತ್ತು. ಕೃಷಿ ಭೂಮಿಯಲ್ಲದ ಬೇರೆ ಮೂಲಗಳಿಂದ ಇಂತಿಷ್ಟು ‘ಅಶ್ಯೂರ್ಡ್’ ವಾರ್ಷಿಕ ಆದಾಯ ಇದ್ದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ಮಿತಿ 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿತು, 2020ರಲ್ಲಿ ಕಲಮನ್ನೇ ಕೈಬಿಟ್ಟರು. ಅಲ್ಲಿಯವರೆಗೆ, ಫ್ಲ್ಯಾಟು ಕೊಳ್ಳಲು ಯಾವುದು ಅರ್ಹತೆಯೋ ತೋಟ ಕೊಳ್ಳಲು ಅದೇ ಅಡ್ಡಿ!

ಇನ್ನು ‘ಆದಾಯ’. ಅಡಿಕೆ ಬೆಳೆಯುವ ನನ್ನ ಸೋದರಮಾವ ಆ ಪದವನ್ನೇ ಬಳಸುವುದಿಲ್ಲ, ‘ತೋಟದ ಹುಟ್ಟುವಳಿ’ ಎನ್ನುತ್ತಾರೆ. ಕೊಳೆರೋಗ ಬಂದ ವರ್ಷ ಹುಟ್ಟುವಳಿ ಅರ್ಧಕ್ಕೆ ಇಳಿಯುತ್ತದೆ, ಮಂಡಿಯಲ್ಲಿ ದರ ಏರಿದ ವರ್ಷ ಹಣ ಒಟ್ಟಿಗೆ ಬರುತ್ತದೆ. ಅಂಥದೊಂದು ವರ್ಷ ಅವರು ಕಂತಿನ ಗೊಡವೆಗೆ ಹೋಗದೆ, ಪೂರ್ತಿ ಹಣ ಕೊಟ್ಟು ಶಿವಮೊಗ್ಗದಲ್ಲಿ ಸೈಟು ಕೊಂಡರು. ಅವರ ಮಗ ಬೆಂಗಳೂರಿನಲ್ಲಿ ಸಂಬಳದವನು. ಕೈಯಲ್ಲಿ ಅಪ್ಪನಷ್ಟು ಹಣವಿಲ್ಲದಿದ್ದರೂ, ಮುಂದಿನ 20 ವರ್ಷದ ಸಂಬಳವನ್ನು ನಂಬಿ ಫ್ಲ್ಯಾಟು ಕೊಂಡಿದ್ದಾನೆ. ಪ್ರಾಜೆಕ್ಟ್ ಮುಗಿದರೆ ಅವನ ಕೆಲಸ ಇರುತ್ತದೋ ಇಲ್ಲವೋ. ಆದರೂ ಬ್ಯಾಂಕಿನ ಕಣ್ಣಿಗೆ ಅವನದೇ ‘ಅಶ್ಯೂರ್ಡ್’, ಅಜ್ಜನ ಕಾಲದಿಂದ ಫಲ ಕೊಡುತ್ತಿರುವ ತೋಟದ್ದಲ್ಲ. ಬ್ಯಾಂಕು ಮುಖ್ಯವಾಗಿ ನೋಡುವುದು ಹಣ ತಿಂಗಳು ತಿಂಗಳು ಖಾತೆಗೆ ಬಿದ್ದಿದೆಯೇ ಎಂದು. ಅಂದಮೇಲೆ ಭದ್ರತೆಯ ಅರ್ಥ ಕೊಡುವ ಪದಗಳೆಲ್ಲ ಇಲ್ಲಿ ದಾರಿ ತಪ್ಪಿಸುತ್ತವೆ ಎಂದೇ ನನ್ನ ಅನುಮಾನ.

ಅದಕ್ಕೇ ಸದ್ಯಕ್ಕೆ ‘ತಿಂಗಳು ತಪ್ಪದ ವರಮಾನ’ ಎಂದು ಬರೆದಿಟ್ಟಿದ್ದೇನೆ. ಆದಾಯ ಎಂಬ ಸಂಸ್ಕೃತ ಪದದಲ್ಲಿರುವುದು ತೆಗೆದುಕೊಳ್ಳುವ ಅರ್ಥ. ವರಮಾನದಲ್ಲಿ ಬರುವ ಅರ್ಥವಿದೆ, ತಮಿಳಿನ ವರುಮಾನಂ ಇದರದೇ ನಂಟು. ಸಂಘದ ಕಾರ್ಯದರ್ಶಿಗಳು ಮಾತ್ರ ‘ತಪ್ಪದ’ ಎಂಬುದು ಕಚೇರಿಯ ಭಾಷೆಯಂತಿಲ್ಲ ಎಂದು ಮುಖ ಸಿಂಡರಿಸಿದರು.

ಸಂಬಳಕ್ಕೆ ಪಗಾರ ಎನ್ನುವ ಉತ್ತರ ಕರ್ನಾಟಕದವರು ಇಂಥ ವರಮಾನಕ್ಕೆ ಏನೆನ್ನುತ್ತೀರಿ? ಕರಾವಳಿಯವರಲ್ಲಿ, ಹಳೆಯ ಸಾಲಪತ್ರಗಳನ್ನು ಓದಿದವರಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಕರಪತ್ರ ಅಚ್ಚಿಗೆ ಹೋಗುತ್ತದೆ.