ಶೇಡಿಂಗ್‌ಗೂ ನೆರಳು, ಶ್ಯಾಡೋಗೂ ನೆರಳು: ಏನು ಮಾಡೋಣ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಗ್ರಾಫಿಕ್ಸ್‌ನ ಶುರುವಿನ ದಿನಗಳ ಬಗ್ಗೆ ಕಾಲೇಜು ಹುಡುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪುಟ ಸಲೀಸಾಗಿ ಸಾಗಿತು. ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ನಾನೇ ಬರೆದ ವಾಕ್ಯ ಹೀಗಿತ್ತು: “ಗೂರೋ ಅವರ ನೆರಳು ಕೊಡುವ ವಿಧಾನದಲ್ಲಿ ನೆರಳು ಬೀಳುವುದಿಲ್ಲ.” ತಂಗಿಗೆ ಓದಿ ಹೇಳಿದೆ. “ಮತ್ತೆ ಇನ್ನೇನು ಬೀಳುತ್ತೆ?” ಅಂತ ನಕ್ಕಳು.

ವಿಷಯದಲ್ಲಿ ತಪ್ಪಿಲ್ಲ. ಮೊದಲ ನೆರಳು ಶೇಡಿಂಗ್, ಎರಡನೆಯದು ಶ್ಯಾಡೋ. ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟು ನೋಡಿ. ಬೆಳಕಿನ ಕಡೆಯ ಮೈ ತಿಳಿಯಾಗಿರುತ್ತದೆ, ಬಳಸಿಕೊಂಡು ಹಿಂದೆ ಹೋದಂತೆ ಮಂಕಾಗುತ್ತದೆ. ಚೊಂಬಿನ ಮೈಮೇಲೇ ಆಗುವ ಈ ಇಳಿತ ಶೇಡಿಂಗ್. ಚೊಂಬಿನಿಂದಾಗಿ ಮೇಜಿನ ಮೇಲೆ ಕಪ್ಪಗೆ ಬಿದ್ದಿರುವುದು ಶ್ಯಾಡೋ. ನಮ್ಮಲ್ಲಿ ಎರಡಕ್ಕೂ ನೆರಳು ಅಂತಲೇ ಬರೆಯುವ ಅಭ್ಯಾಸ ಇದೆ. ಡ್ರಾಯಿಂಗ್ ಮೇಷ್ಟ್ರು “ನೆರಳು ಬೆಳಕು ಕೊಡು” ಅಂದರೆ ಅದರೊಳಗೆ ಎರಡೂ ಸೇರಿರುತ್ತವೆ. ಪೆನ್ಸಿಲ್ ಹಿಡಿದವನಿಗೆ ಇದರಿಂದ ತೊಂದರೆ ಇಲ್ಲ, ಕಣ್ಣಿಗೆ ಕಂಡ ಹಾಗೆ ತೀಡುತ್ತಾನೆ. ಆದರೆ ಕಂಪ್ಯೂಟರ್‌ಗೆ ಇವು ಎರಡು ಬೇರೆ ಬೇರೆ ಲೆಕ್ಕ. ಅವನ್ನು ಕಂಡುಹಿಡಿದವರೂ ಬೇರೆ ಬೇರೆ ಜನ.

ಗೂರೋ ವಿಷಯ ಮೊದಲು ಹೇಳುತ್ತೇನೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಇವಾನ್ಸ್ ಕಂಪ್ಯೂಟರ್ ವಿಭಾಗ ಕಟ್ಟಿದ್ದರು. 1968ರಲ್ಲಿ ಐವನ್ ಸದರ್ಲೆಂಡ್ ಬಂದು ಅವರ ಜೊತೆ ಸೇರಿದರು. ಅಲ್ಲಿ ಪಿಎಚ್‌ಡಿ ಮಾಡಿದ ಹೆನ್ರಿ ಗೂರೋ ಫ್ರಾನ್ಸಿನವರು. (ನಮ್ಮ ಹುಡುಗರು ಅವರನ್ನು ‘ಗೌರಾಡ್’ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ.) ಆಗ ಬಾಗಿದ ಮೈಯನ್ನು ಚಪ್ಪಟೆ ಚೂರುಗಳನ್ನು ಜೋಡಿಸಿ ಮಾಡುತ್ತಿದ್ದರು, ಒಂದೊಂದು ಚೂರಿಗೆ ಒಂದೊಂದು ಬಣ್ಣ. ಮನುಷ್ಯನ ಮುಖ ಕೆತ್ತನೆ ಮುಗಿಯದ ಕಲ್ಲಿನ ಹಾಗೆ ಕಾಣುತ್ತಿತ್ತು. ಗೂರೋ ಚೂರಿನ ಮೂಲೆಗಳಲ್ಲಿ ಮಾತ್ರ ಬೆಳಕು ಎಷ್ಟು ಅಂತ ಲೆಕ್ಕ ಹಾಕಿದರು. ನಡುವಿನ ಜಾಗಕ್ಕೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹದವಾಗಿ ಬಣ್ಣ ಇಳಿಸಿದರು. ಪ್ರಯೋಗಕ್ಕೆ ಸಿಕ್ಕಿದ್ದು ಹೆಂಡತಿ ಸಿಲ್ವಿಯ ಮುಖ. ಆಕೆಯ ಮುಖದ ಮೇಲೆ ಗೆರೆ ಬರೆದು, ಫೋಟೋ ತೆಗೆದು ಅಳತೆ ಮಾಡಿದರು. 1971ರಲ್ಲಿ ಪ್ರಬಂಧ ಬಂತು.

ಇದರಲ್ಲೂ ಒಂದು ಕೊರತೆ ಉಳಿದಿತ್ತು. ಬಣ್ಣದ ಇಳಿತ ಎಲ್ಲಿ ಥಟ್ಟನೆ ಬದಲಾಗುತ್ತದೋ ಅಲ್ಲಿ ನಮ್ಮ ಕಣ್ಣು ಇಲ್ಲದ ಪಟ್ಟಿಯನ್ನು ತಾನೇ ಕಾಣಿಸುತ್ತದೆ. 1860ರ ದಶಕದಲ್ಲೇ ಭೌತವಿಜ್ಞಾನಿ ಎರ್ನ್‌ಸ್ಟ್ ಮಾಖ್ ಗುರುತಿಸಿದ್ದ ಪಟ್ಟಿಗಳು ಇವು. ಯೂಟಾದಲ್ಲೇ ಓದಿದ ವಿಯೆಟ್ನಾಮಿನ ಬುಯಿ ತುವಾಂಗ್ ಫಾಂಗ್ ಬಣ್ಣವನ್ನು ಹರಡುವ ಬದಲು ಮೈ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ಹರಡಿದರು. ಆಮೇಲೆ ಒಂದೊಂದು ಚುಕ್ಕೆಗೂ ಬೆಳಕಿನ ಲೆಕ್ಕ ಹಾಕಿದರು. ಪಟ್ಟಿಗಳು ಬಹಳ ಮಟ್ಟಿಗೆ ಕಡಿಮೆಯಾದವು. ಚೊಂಬಿನ ಹೊಟ್ಟೆಯ ಮೇಲೆ ಫಳ್ ಅನ್ನುತ್ತದಲ್ಲ, ಆ ಹೊಳಪೂ ಬಂತು. 1973ರಲ್ಲಿ ಪಿಎಚ್‌ಡಿ ಆಯಿತು, 1975ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಲ್ಯುಕೇಮಿಯಾದಿಂದ ತೀರಿಕೊಂಡರು, ಇನ್ನೂ ಚಿಕ್ಕ ವಯಸ್ಸು. ‘ಫಾಂಗ್’ ಅವರ ಮನೆತನದ ಹೆಸರಲ್ಲ, ಇಟ್ಟ ಹೆಸರು. ವಿಯೆಟ್ನಾಮಿನಲ್ಲಿ ಮನೆತನದ್ದು ಮೊದಲು ಬರುತ್ತದೆ, ಕರೆಯುವುದು ಕೊನೆಯ ಹೆಸರಿನಿಂದ. ಊರು, ಅಪ್ಪ ಎಲ್ಲ ಮುಂದೆ ಇನಿಷಿಯಲ್ಲಾಗಿ ನಿಂತು, ಕರೆಯುವ ಹೆಸರು ಕೊನೆಗೆ ಬರುವುದು ನಮಗೂ ಗೊತ್ತಿರುವುದೇ ಅಲ್ವಾ.

ಈಗ ನನ್ನ ತೊಂದರೆಗೆ ಬರುತ್ತೇನೆ. ಗೂರೋ, ಫಾಂಗ್ ಇಬ್ಬರ ಲೆಕ್ಕವೂ ಒಂದು ಚುಕ್ಕೆಯಲ್ಲಿ ನಿಂತು ದೀಪ ಎಲ್ಲಿದೆ, ನೋಡುವವನು ಎಲ್ಲಿದ್ದಾನೆ, ಮೈ ಯಾವ ಕಡೆಗಿದೆ ಅಂತ ಕೇಳುತ್ತದೆ. ದೀಪಕ್ಕೂ ಆ ಚುಕ್ಕೆಗೂ ನಡುವೆ ಯಾರಾದರೂ ಅಡ್ಡ ನಿಂತಿದ್ದಾರಾ ಅಂತ ಕೇಳುವುದೇ ಇಲ್ಲ. ಹಾಗಾಗಿ ಚೊಂಬು ಚೆನ್ನಾಗಿ ಉರುಟಾಗಿ ಕಂಡರೂ ಮೇಜಿನ ಮೇಲೆ ಕೂತಂತಿರುವುದಿಲ್ಲ, ತೇಲಿದ ಹಾಗಿರುತ್ತದೆ.

ಆ ಪ್ರಶ್ನೆ ಕೇಳಿದವರು ಬೇರೆಯವರು. ಐಬಿಎಮ್‌ನಲ್ಲಿದ್ದ ಆರ್ಥರ್ ಅಪೆಲ್ 1968ರಲ್ಲೇ ಚುಕ್ಕೆಯಿಂದ ದೀಪದ ಕಡೆಗೆ ಗೆರೆ ಎಳೆದು, ಅಡ್ಡ ಏನಾದರೂ ಇದೆಯಾ ಅಂತ ನೋಡಿದ್ದರು. ತಮಾಷೆ ನೋಡಿ, ಅವರ ಪ್ರಬಂಧದ ತಲೆಬರಹದಲ್ಲಿ ಇರುವುದು ಶೇಡಿಂಗ್ ಅನ್ನುವ ಪದ. ಇಂಗ್ಲಿಷಿನಲ್ಲೂ ಆಗ ಎರಡು ಪದಗಳ ನಡುವಿನ ಗೆರೆ ಅಷ್ಟು ಗಟ್ಟಿಯಾಗಿರಲಿಲ್ಲವೇನೋ. 1977ರಲ್ಲಿ ಫ್ರಾಂಕ್ಲಿನ್ ಕ್ರೋ, ವಸ್ತುವಿನ ಹಿಂದೆ ಕತ್ತಲು ತುಂಬಿದ ಜಾಗವನ್ನೇ ಒಂದು ಆಕಾರ ಅಂತ ಎಣಿಸುವ ದಾರಿ ತೋರಿಸಿದರು. 1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಇನ್ನೊಂದು ಉಪಾಯ ಹೇಳಿದರು. ಮೊದಲು ದೀಪದ ಜಾಗದಲ್ಲಿ ಕೂತು ಚಿತ್ರ ತೆಗೆ, ದೀಪಕ್ಕೆ ಕಂಡದ್ದು ಎಷ್ಟು ದೂರದಲ್ಲಿದೆ ಅಂತ ಬರೆದಿಡು. ಆಮೇಲೆ ನಿನ್ನ ಜಾಗದಿಂದ ನೋಡು. ದೀಪಕ್ಕೆ ಕಾಣದ್ದೆಲ್ಲ ನೆರಳು.

ಇದನ್ನು ಬರೆಯುವಾಗ ನನ್ನ ಕೈಗೆ ತಾನಾಗಿ ಬಂದ ಪದ ‘ಮರೆ’. ದೀಪಕ್ಕೆ ಮರೆಯಾದದ್ದು ನೆರಳು. ನಮಗೆ ಮರೆಯಾದದ್ದು ಹಿಂದಿನ ಮೈ. ಆ ಕಾಲದ ದೊಡ್ಡ ತಲೆನೋವು ಈ ಎರಡನೆಯದು. ಮುಂದಿನ ವಸ್ತುವಿನ ಹಿಂದೆ ಅವಿತ ಭಾಗವನ್ನು ಬರೆಯದೆ ಬಿಡುವುದು ಹೇಗೆ? 1974ರಲ್ಲಿ ಸದರ್ಲೆಂಡ್, ಸ್ಪ್ರೌಲ್, ಶೂಮ್ಯಾಕರ್ ಮೂವರೂ ಸೇರಿ ಇಂಥ 10 ಉಪಾಯಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡಿದರು. ಎಲ್ಲದರ ಒಳಗೂ ಇರುವುದು ಒಂದಲ್ಲ ಒಂದು ಬಗೆಯ ಸಾರ್ಟಿಂಗ್, ಅಂದರೆ ಕ್ರಮವಾಗಿ ಜೋಡಿಸುವ ಕೆಲಸ, ಅಂತ ಕಂಡುಕೊಂಡರು. ಆ ಕೆಲಸಕ್ಕೆ ನಾನು ಮೊದಲು ‘ಮರೆ ತೆಗೆಯುವುದು’ ಅಂತ ಬರೆದಿದ್ದೆ. ಪೂರಾ ಉಲ್ಟಾ! ಮರೆ ತೆಗೆದರೆ ಹಿಂದಿನದು ಕಾಣಿಸುತ್ತದೆ. ಈಗ ‘ಮರೆಯ ಮೈ ಬಿಡುವುದು’ ಅಂತ ಮಾಡಿದ್ದೇನೆ. ಇದಕ್ಕಿಂತ ಚೆಂದದ್ದಿದ್ದರೆ ಹೇಳಿ.

ಹಾಗಾಗಿ ನೆರಳನ್ನು ಶ್ಯಾಡೋಗೆ ಮಾತ್ರ ಇಟ್ಟುಕೊಳ್ಳೋಣ ಅಂತ ನನ್ನ ಮಾತು. ‘ನೆರಳು ಬಿತ್ತು’, ‘ಮರದ ನೆರಳು’, ‘ನೆರಳಲ್ಲಿ ಒಣಗಿಸು’: ನಮ್ಮ ದಿನಬಳಕೆಯ ನೆರಳೆಲ್ಲ ಏನೋ ಅಡ್ಡ ಬಂದದ್ದರಿಂದ ಆದದ್ದೇ. ವಸ್ತುವಿನ ಮೈಯ ಇಳಿತಕ್ಕೆ ಆ ಪದ ಹೋದದ್ದು ಚಿತ್ರಕಲೆಯ ಪಾಠಗಳಿಂದ ಇರಬೇಕು.

ಶೇಡಿಂಗ್‌ಗೆ ಮತ್ತೇನು? ‘ಛಾಯೆ’ ಅನ್ನುವವರು ಜಾಸ್ತಿ ಇದ್ದಾರೆ. ಅದಕ್ಕೆ ಆಧಾರವೂ ಇದೆ. ‘ಅರ್ಥದ ಛಾಯೆ’, ‘ಮುಖದಲ್ಲಿ ದುಃಖದ ಛಾಯೆ’ ಅನ್ನುವಾಗ ನಾವು ಹೇಳುವುದು ಸಣ್ಣ ಸಣ್ಣ ಏರಿಳಿತವನ್ನೇ. ಆದರೆ ಸಂಸ್ಕೃತದಲ್ಲಿ ಛಾಯೆ ಅಂದರೂ ನೆರಳೇ. ಸೂರ್ಯನ ತಾಪ ತಡೆಯಲಾರದೆ ಅವನ ಹೆಂಡತಿ ಸಂಜ್ಞೆ ತನ್ನ ಬದಲಿಗೆ ಬಿಟ್ಟುಹೋದ ನೆರಳೇ ಛಾಯಾದೇವಿ. ಕಳ್ಳನನ್ನು ಮುಂಬಾಗಿಲಿಂದ ಕಳಿಸಿ ಹಿತ್ತಲಿಂದ ಒಳಗೆ ಕರೆದ ಹಾಗಾಯಿತು. ‘ವರ್ಣವಿನ್ಯಾಸ’ದಂಥವು ನನಗೆ ಸುಮ್ನೆ ಭಾರ ಅನ್ನಿಸುತ್ತವೆ, ಬಿಟ್ಟಿದ್ದೇನೆ.

‘ಶೇಡಿಂಗ್’ ಅಂತಲೇ ಇಡಬಹುದು. ಸೀರೆ ಅಂಗಡಿಯಲ್ಲಿ “ಇದರಲ್ಲೇ ಒಂದು ಲೈಟ್ ಶೇಡ್ ತೋರಿಸಿ” ಅನ್ನದವರು ಯಾರು? ಸದ್ಯಕ್ಕೆ ನನ್ನ ಓಟು ಇದಕ್ಕೇ. ಆದರೂ ತಿಳಿನೀಲಿ, ಕಡುನೀಲಿ, ನಸುಗೆಂಪು ಅಂತ ಬಣ್ಣದ ಮೆಟ್ಟಿಲನ್ನು ಇಷ್ಟು ಚೆನ್ನಾಗಿ ಹೇಳುವ ಭಾಷೆಯಲ್ಲಿ, ಆ ಮೆಟ್ಟಿಲು ಇಳಿಯುವ ಕೆಲಸಕ್ಕೆ ಒಂದು ಪದ ಇರಲೇಬೇಕು ಅನ್ನಿಸುತ್ತಿದೆ.

ನಾನು ಕೇಳಬೇಕೆಂದಿರುವುದು ಇದು. ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ, ಮೈಸೂರು ಶೈಲಿಯ ಚಿತ್ರ ಬರೆಯುವವರಲ್ಲಿ, ಗೌರಿ ಗಣೇಶನ ಮಣ್ಣಿನ ಮೂರ್ತಿಗೆ ಬಣ್ಣ ಹಚ್ಚುವವರಲ್ಲಿ ಕೆನ್ನೆ ಉಬ್ಬಿದಂತೆ ಕಾಣಿಸಲು ಬಣ್ಣ ಇಳಿಸುವುದಕ್ಕೆ ಏನನ್ನುತ್ತಾರೆ? ಕೇಳಿ ಗೊತ್ತಿರುವವರು, ಆ ಕಡೆಯ ನೆಂಟರಿರುವವರು, ಅವರು ಆಡುವ ಮಾತನ್ನು ಹಾಗೇ ಬರೆದು ಕಳಿಸಿ. ತಿದ್ದಬೇಡಿ. ಕುಂಚ ಆಡುವುದಕ್ಕೆ ಬೇರೆ ಪದ, ಬಣ್ಣ ಇಳಿಯುವುದಕ್ಕೆ ಬೇರೆ ಪದ ಇದ್ದರೆ ಎರಡನ್ನೂ ಬರೆಯಿರಿ. ಗೂರೋ ಮಾಡಿದ್ದು ಎರಡನೆಯದು.